ಗ್ಯಾಸ್ ಅಲಾರಂ ಸುಮ್ನೆ ಕೂಗ್ತದೆ ಅಂತ ವೈರ್ ಕೀಳಬೇಡಿ

ಕ್ಯಾರವಾನ್ ಇಟ್ಟುಕೊಂಡವರು, ಮಾಡಿಸಬೇಕು ಅಂತಿರುವವರು ಇದನ್ನು ಓದಿ. ನಾನು ಮಾಡಿದ ದಡ್ಡತನ ನೀವು ಮಾಡಬೇಡಿ.

ನಮ್ಮದು ಹಳೇ ಮಿನಿ ಬಸ್. ಕಲಬುರಗಿಯ ಒಂದು ಶೆಡ್‌ನಲ್ಲಿ ಮಲಗೋಕೆ ಎರಡು ಬೆಂಚು, ಸಣ್ಣ ಒಲೆ, 5 ಕೆಜಿ ಸಿಲಿಂಡರ್ ಕೂಡಿಸಿಕೊಂಡಿದ್ದೆವು. ಗ್ಯಾಸ್ ಡಿಟೆಕ್ಟರ್, ಅಂದರೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ, ನೆಲದಿಂದ ಒಂದು ಗೇಣು ಮೇಲಿತ್ತು. ಅದು ಸರಿಯಾದ ಜಾಗವೇ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ.

ಮೊದಲ ಸಲ ಅದು ಕೂಗಿದ್ದು ಬಸವಕಲ್ಯಾಣದಲ್ಲಿ. ಸಂಜೆ ಬಾಗಿಲು ಹಾಕಿ ಸೊಳ್ಳೆ ಸ್ಪ್ರೇ ಹೊಡೆದಿದ್ದೆ. ಎಷ್ಟೋ ಸ್ಪ್ರೇ ಡಬ್ಬಿಗಳಲ್ಲಿ ಔಷಧಿಯನ್ನು ಹೊರಗೆ ತಳ್ಳೋದೇ ಎಲ್‌ಪಿಜಿ. ಡಿಟೆಕ್ಟರ್ ಪಾಪ ತನ್ನ ಕೆಲಸ ಮಾಡಿತ್ತು. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದ್ದು ಒಂದೇ ಮಾತು: ಇದು ಸುಳ್ಳೇ ಕೂಗ್ತದೆ.

ಮೇ ತಿಂಗಳಲ್ಲಿ ಬೀದರಿಗೆ ಹೋದೆವು. ನೆಂಟರ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಅವರ ಮನೆಯಿಂದ ವೈರ್ ಎಳೆದು ಬ್ಯಾಟರಿ ಚಾರ್ಜರ್ ಹಾಕಿದೆ. ರಾತ್ರಿ ಎರಡಕ್ಕೆ ಅಲಾರಂ ಶುರು. "ಏನ್ರಿ, ಕೊಳೆತ ತತ್ತಿ ವಾಸನಿ ಬರ್ಲಿಕತ್ತದ," ಅಂದಳು ಹೆಂಡತಿ. ಸಿಲಿಂಡರ್ ಬಂದ್ ಮಾಡಿದೆ, ಬಾಗಿಲು ತೆಗೆದೆ. ಸ್ವಲ್ಪ ಹೊತ್ತು ನಿಂತಿತು. ಬಾಗಿಲು ಹಾಕಿದರೆ ಮತ್ತೆ ಅದೇ ರಾಗ. ಶೆಡ್‌ನವನಿಗೆ ಫೋನ್ ಮಾಡಿದೆ. "ಏನೂ ಆಗಂಗಿಲ್ರಿ ಸರ, ಅದರ ವೈರ್ ತೆಗೀರಿ, ಮಲಗ್ರಿ," ಅಂದ. ತೆಗೆದೆ. ಮಲಗಿದೆವು.

ಬೆಳಿಗ್ಗೆ ಬೆಂಚಿನ ಮೇಲಿದ್ದ ಮಗಳಿಗೆ ಕಣ್ಣು ಉರಿ, ತಲೆನೋವು, ಬಿಡದ ಕೆಮ್ಮು. ಬ್ಯಾಟರಿ ಇದ್ದದ್ದು ಅದೇ ಬೆಂಚಿನ ಕೆಳಗೆ.

ಕಲಬುರಗಿಗೆ ಬಂದು ಹುಮನಾಬಾದ್ ರಿಂಗ್ ರೋಡಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಬ್ಯಾಟರಿ ಉಬ್ಬಿತ್ತು, ಒಳಗೆ ನೀರು ತಳ ಕಂಡಿತ್ತು. ಚಾರ್ಜರ್ ಹಾಕಿ ಮೀಟರ್ ಹಿಡಿದ: 15.8 ವೋಲ್ಟ್. 14.4ರ ಸುತ್ತ ನಿಲ್ಲಬೇಕಿತ್ತು. "ಬ್ಯಾಟ್ರಿ ರಾತ್ರಿಯೆಲ್ಲ ಕುದ್ದದ್ರಿ," ಅಂದ. ಹಾಗೆ ಕುದ್ದಾಗ ಹೈಡ್ರೋಜನ್ ಬರುತ್ತದೆ, ಕಿಡಿ ಬಿದ್ದರೆ ಸಿಡಿಯುವಂಥದ್ದು. ಕೊಳೆತ ತತ್ತಿ ವಾಸನೆಯದು ಹೈಡ್ರೋಜನ್ ಸಲ್ಫೈಡ್, ಅದು ವಿಷ. ಡಿಟೆಕ್ಟರ್‌ಗೆ ಎಲ್‌ಪಿಜಿ ಯಾವುದು, ಹೈಡ್ರೋಜನ್ ಯಾವುದು ಅಂತ ಬೇರೆ ಮಾಡಲು ಬರೋದಿಲ್ಲ. ಕೂಗುತ್ತದೆ, ಅಷ್ಟೇ.

ಅವತ್ತು ರಾತ್ರಿ ಚಾರ್ಜರ್ ಹಾಕಿದ ಮೇಲೇ ಕೂಗ್ತಿದೆ ಅಂತ ನನಗೇ ಹೊಳೀಬೇಕಿತ್ತು, ಅಲ್ವಾ? ನಿಮ್ಮ ಗಾಡಿಯಲ್ಲೂ ಯಾವಾಗ ಕೂಗ್ತದೆ ಅಂತ ಗಮನಿಸಿ. ಬ್ಯಾಟರಿ ಇಳಿದಾಗಲೂ, ಸೆನ್ಸರ್ ಹಳತಾದಾಗಲೂ ಕೆಲವು ಡಿಟೆಕ್ಟರ್‌ಗಳು ಸದ್ದು ಮಾಡುತ್ತವೆ. ಹಿಂದೆ ಬರೆದ ತಾರೀಖು ನೋಡಿ, ಸಾಮಾನ್ಯವಾಗಿ ಐದರಿಂದ ಏಳು ವರ್ಷ ಅದರ ಆಯಸ್ಸು. ಇದನ್ನೆಲ್ಲ ಆಮೇಲೆ ಹುಡುಕಿ. ಮೊದಲು ಎಲ್ಲರೂ ಕೆಳಗಿಳಿಯಿರಿ, ಸಿಲಿಂಡರ್ ಬಂದ್ ಮಾಡಿ, ಗಾಡಿಯೊಳಗಿನ ಸ್ವಿಚ್ ಮುಟ್ಟದೆ ಚಾರ್ಜರನ್ನು ಮನೆ ಕಡೆಯಿಂದಲೇ ಆರಿಸಿ. ಗ್ಯಾಸೇ ಸೋರುತ್ತಿದ್ದರೆ 1906ಕ್ಕೆ ಫೋನ್ ಮಾಡಿ.

ಬ್ಯಾಟರಿ ಈಗ ಹೊರಗಿನ ಪೆಟ್ಟಿಗೆಯಲ್ಲಿದೆ, ಚಾರ್ಜರ್ ಹೊಸದು. ಹಳೇದನ್ನು ಶೆಡ್‌ನವನ ಮುಂದೆ ಇಟ್ಟು ಕೇಳಿದೆ. "ವೈರ್ ತೆಗೆದ ಮ್ಯಾಲ ಅಲಾರಂ ನಿಂತಿತ್ತಲ್ರಿ ಸರ?" ಅಂದ.