ಆನ್‌ಲೈನ್‌ನಲ್ಲಿ ಪ್ರ್ಯಾಮ್ ತರಿಸುವವರು ಒಮ್ಮೆ ಇದನ್ನು ಓದಿ

ಚಕ್ರ 'ಟಕ್' ಎಂದ ಮಾತ್ರಕ್ಕೆ ಸರಿಯಾಗಿ ಕೂತಿದೆ ಎಂದು ನಂಬಬೇಡಿ. ನಮ್ಮ ಪ್ರ್ಯಾಮ್‌ನ, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಯ, ನಾಲ್ಕೂ ಚಕ್ರ ಟಕ್ ಎಂದಿದ್ದವು. ಆದರೂ ಒಂದು ಕಳಚಿ ಬಿತ್ತು, ಅದೂ ಮಗಳು ಒಳಗೆ ಕೂತಿದ್ದಾಗ.

ನಾವು ಕಾರವಾರದವರು. ಮಗಳಿಗೆ ಒಂದೂವರೆ ವರ್ಷ. ಸಂಜೆ ಬೀಚಿಗೆ ಹೊರಟರೆ ಅರ್ಧ ದಾರಿ ಓಡುತ್ತಾಳೆ, ಆಮೇಲೆ ಎತ್ತಿಕೋ ಎಂದು ಹಟ. ಅದಕ್ಕೇ ಮಡಚುವ ಪ್ರ್ಯಾಮ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಮಾರಿದವರ ಹೆಸರು ಬೇಡ ಬಿಡಿ, ಇಂಥ ಮಾಲು ದಿನಕ್ಕೊಂದು ಹೆಸರಲ್ಲಿ ಬರುತ್ತದೆ.

ಪೆಟ್ಟಿಗೆಯಲ್ಲಿದ್ದ ಕೈಪಿಡಿ ಬೇರೆ ಯಾವುದೋ ಮಾಡೆಲ್‌ನದು. ಚಿತ್ರದಲ್ಲಿ ಬ್ರೇಕ್ ನಡುವೆ ಇದೆ, ನಮ್ಮದರಲ್ಲಿ ಬಲಗಡೆ. ಇಂಥದ್ದರಲ್ಲಿ ಚಿಕ್ಕ ಮಗುವನ್ನು ಪಕ್ಕದಲ್ಲಿ ಇಟ್ಟುಕೊಂಡು ಜೋಡಿಸುವ ಕಷ್ಟ ಗೊತ್ತಲ್ವಾ? ಚಕ್ರ ಹಾಕುವ ಮೊದಲೇ ಸೀಟಿನಲ್ಲಿ ಕೂರುತ್ತೇನೆ ಎಂದು ರಂಪ, ಒಂದು ವಾಷರ್ ಆಗಲೇ ಅವಳ ಮುಷ್ಟಿಯೊಳಗೆ. ಅಂತೂ ಮುಗಿಸಿ, ಅಕ್ಕಿ ಚೀಲ ಕೂರಿಸಿ ಮನೆಯೊಳಗೆಲ್ಲ ತಳ್ಳಿ ನೋಡಿದೆವು. ಬೆಣ್ಣೆಯ ಹಾಗೆ ಓಡಿತು.

ಟ್ಯಾಗೋರ್ ಬೀಚಿನ ಹತ್ತಿರ ಒಂದು ಮೆಟ್ಟಿಲು ಹತ್ತಿಸಲು ಮುಂಭಾಗ ಎತ್ತಿದೆ. ಎಡಗಡೆಯ ಚಕ್ರ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು, ಪ್ರ್ಯಾಮ್ ವಾಲಿತು. ಹೆಗಲು, ಸೊಂಟ, ಕಾಲ ನಡುವೆ ಹಿಡಿಯುವ ಐದು ಕಡೆಯ ಬೆಲ್ಟ್ ಹಾಕಿದ್ದರಿಂದ ಮಗಳು ಮುಂದಕ್ಕೆ ಮುಗ್ಗರಿಸಲಿಲ್ಲ. ಚಕ್ರ ಹಿಡಿಯಲು ಗಂಡ ಓಡಿದರು, ನಾನು ಬ್ರೇಕ್ ಒತ್ತಿದೆ. ಹಿಂದಿನ ಒಂದು ಚಕ್ರ ಮಾತ್ರ ನಿಂತಿತು, ಇನ್ನೊಂದು ತಿರುಗುತ್ತಲೇ ಇತ್ತು, ಇಡೀ ಪ್ರ್ಯಾಮ್ ಗರ್ರನೆ ರಸ್ತೆಯ ಕಡೆ ತಿರುಗಿತು. ಪಕ್ಕದಲ್ಲೇ ಹೆದ್ದಾರಿ 66, ಲಾರಿಗಳ ಸಾಲು. ಹ್ಯಾಂಡಲ್ ಕೈಲಿತ್ತು, ಅಷ್ಟೇ.

ಮನೆಗೆ ಬಂದು ಬುಡಮೇಲು ಮಾಡಿ ನೋಡಿದರೆ ವಿಷಯ ಗೊತ್ತಾಯಿತು. ಚಕ್ರವನ್ನು ಪ್ರ್ಯಾಮ್‌ನ ಕಾಲಿನ ಕೊಳವೆಯೊಳಗೆ ಕೂರಿಸುವ ಕಡ್ಡಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಗುಂಡಿ ಇರುತ್ತದೆ. ಅದು ಕೊಳವೆಯ ತೂತಿನಿಂದ ಪೂರ್ತಿ ಹೊರಗೆ ಬರಬೇಕು. ನಮ್ಮದರಲ್ಲಿ ತೂತಿನ ಅಂಚಿಗೆ ಅಚ್ಚು ಹಾಕುವಾಗ ಉಳಿದ ಪ್ಲಾಸ್ಟಿಕ್ ಚೂರು ಅಂಟಿಕೊಂಡೇ ಇತ್ತು, ಗುಂಡಿ ಅದಕ್ಕೆ ಬಡಿದು ಟಕ್ ಎಂದು ಅಲ್ಲೇ ಸಿಕ್ಕಿಕೊಂಡಿತ್ತು. ಮೇಲೆ ಭಾರ ಇರುವ ತನಕ ಚಕ್ರ ಒಳಗೇ ಒತ್ತಿಕೊಂಡಿರುತ್ತದೆ, ಎತ್ತಿದ ಕೂಡಲೇ ಕಳಚುತ್ತದೆ. ಅಕ್ಕಿ ಚೀಲದ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ! ಹಾಗಾಗಿ ಪ್ರ್ಯಾಮ್ ಎತ್ತಿ ಹಿಡಿದು ಒಂದೊಂದು ಚಕ್ರವನ್ನೂ ಜೋರಾಗಿ ಎಳೆಯಿರಿ. ಬ್ರೇಕ್ ಹಾಕಿ ಹಿಂದಿನ ಎರಡೂ ಚಕ್ರ ಕೈಯಿಂದ ತಿರುಗಿಸಿ ನೋಡಿ. ನಮ್ಮದರಲ್ಲಿ ಪೆಡಲ್‌ನಿಂದ ಆಚೆ ಚಕ್ರಕ್ಕೆ ಹೋಗುವ ತಂತಿ ಸಡಿಲವಾಗಿತ್ತು.

ಮಡಚುವಾಗ, ಬಿಚ್ಚುವಾಗ ಮಗು ದೂರ ಇರಲಿ. ಇದು ಸುಮ್ನೆ ಹೆದರಿಸುವ ಮಾತಲ್ಲ. 2009ರಲ್ಲಿ ಅಮೆರಿಕದಲ್ಲಿ ಒಂದು ಹೆಸರಾಂತ ಕಂಪನಿಯ ಸುಮಾರು 10 ಲಕ್ಷ ಸ್ಟ್ರಾಲರ್‌ಗಳನ್ನು (ಇಂಥವೇ ಮಡಚುವ ಮಕ್ಕಳ ಗಾಡಿಗಳು) ವಾಪಸ್ ಕರೆಸಿಕೊಂಡದ್ದೇ ಮಡಚುವ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದದ್ದಕ್ಕೆ.

ಇನ್ನೊಂದು ವಿಷಯ. ಪ್ರ್ಯಾಮ್‌ಗಳಿಗೆ ಯುರೋಪಿನಲ್ಲಿ ಇಎನ್ 1888 ಎಂಬ ಸುರಕ್ಷತಾ ಮಾನದಂಡ ಇದೆ. ಜಾಹೀರಾತಿನಲ್ಲಿ ಅದನ್ನು ದೊಡ್ಡದಾಗಿ ಹಾಕಿದ್ದರು, ಪ್ರ್ಯಾಮ್ ಮೇಲಿನ ಚೀಟಿಯಲ್ಲಿ ಅದರ ಸುಳಿವೇ ಇಲ್ಲ.

ಮಾರಿದವರಿಗೆ ಹೇಳಿದರೆ, ಜೋಡಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಜೋಡಿಸದೆ ಚಕ್ರ ಕಳಚುತ್ತದೋ ಇಲ್ಲವೋ ಗೊತ್ತಾಗುವುದು ಹೇಗೆ ಸ್ವಾಮಿ? 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ ಮೇಲೆ ದನಿ ಸ್ವಲ್ಪ ಮೆತ್ತಗಾಗಿದೆ, ಬದಲಿ ಚಕ್ರ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಬೇಡ, ಪೂರ್ತಿ ಹಣ ಕೊಡಿ ಎಂದಿದ್ದೇವೆ. ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದೊಳಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ನೀವೂ ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಪೆಟ್ಟಿಗೆ ಬಿಚ್ಚುವಾಗಿನಿಂದಲೇ ವಿಡಿಯೋ ಮಾಡಿ. ನಮ್ಮ ಹತ್ತಿರ ಬಿಚ್ಚುವ ವಿಡಿಯೋ ಇಲ್ಲ ಎಂಬುದನ್ನೇ ಅವರು ಈಗ ಹಿಡಿದುಕೊಂಡಿದ್ದಾರೆ.