ಕೀನೈ ಹೊಳೆಗೆ ಹೋಗುವವರೇ, ಯಾವ ಸಾಲ್ಮನ್ ಅಂತ ಮೊದಲು ಕೇಳಿ

ಹೇಳಿಕೊಳ್ಳಲು ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಬೇಸ್ತು ಬೀಳಬಾರದು.

2024ರ ಆಗಸ್ಟ್‌ನಲ್ಲಿ ನಾನು ಮತ್ತು ನಮ್ಮ ಭಾವ ಅಲಾಸ್ಕಾದ ಸೊಲ್ಡೋಟ್ನಾಗೆ ಹೋಗಿದ್ದೆವು. ಕೀನೈ ಹೊಳೆಯಲ್ಲಿ ದೋಣಿ, ಗೈಡ್, ಗಾಳ ಎಲ್ಲ ಸೇರಿ ಎರಡು ದಿನದ ಪ್ಯಾಕೇಜ್. ಫೋನಿನಲ್ಲಿ ನಾನು ಕೇಳಿದ್ದು ಒಂದೇ ಮಾತು: "ಆಗಸ್ಟ್‌ನಲ್ಲಿ ಸಾಲ್ಮನ್ ಇರುತ್ತಾ?"

"ಹೊಳೆ ತುಂಬಾ ಇರುತ್ತೆ" ಎಂದ ಗೈಡ್. ಸಿಲ್ವರ್ ಜಾತಿಯ ಸಾಲ್ಮನ್ ಮೀನು ಸಮುದ್ರದಿಂದ ಹೊಳೆ ಹತ್ತುವ ಕಾಲ ಎಂದ. 1985ರಲ್ಲಿ ಇದೇ ಹೊಳೆಯಲ್ಲಿ 97 ಪೌಂಡಿನ ಕಿಂಗ್ ಸಾಲ್ಮನ್ ಸಿಕ್ಕ ಕತೆ ಹೇಳಿದ. ಕಿಂಗ್ ಫೋಟೋ ಬೇರೆ ಕಳಿಸಿದ, ಇಬ್ಬರು ಸೇರಿ ಎತ್ತಿ ಹಿಡಿದದ್ದು. ನಾನು ಅಡ್ವಾನ್ಸ್ ಅಲ್ಲ, ಪೂರ್ತಿ ದುಡ್ಡನ್ನೇ ಕಳಿಸಿಬಿಟ್ಟೆ.

ಮೊದಲ ದಿನ ಗಾಳ ಹಾಕಿದ ಹತ್ತೇ ನಿಮಿಷಕ್ಕೆ ಮೀನು. ನಾನು ಕುಣಿದೆ. ಫೋಟೋ ತೆಗೆದು "ಸಿಲ್ವರ್ ಸಿಕ್ಕಿತು" ಅಂತ ಮನೆಯವರ ಗ್ರೂಪಿಗೆ ಹಾಕಿದೆ. ಗೈಡ್ ನೋಡುತ್ತಲೇ ಇದ್ದ, ಒಂದು ಮಾತೂ ಆಡಲಿಲ್ಲ. ಪಕ್ಕದ ದೋಣಿಯ ಮುದುಕ ನಕ್ಕು "ಅದು ಹಂಪಿ" ಎಂದ. ಹಂಪಿ ಅಂದರೆ ಪಿಂಕ್ ಸಾಲ್ಮನ್. ಬೆನ್ನು ಗೂನು, ಬಾಲದ ತುಂಬ, ಮೇಲೂ ಕೆಳಗೂ, ದೊಡ್ಡ ದೊಡ್ಡ ಕಪ್ಪು ಚುಕ್ಕೆ. ಸಿಲ್ವರ್‌ಗೆ ಬಾಲದ ಮೇಲಿನ ಅರ್ಧದಲ್ಲಿ ಮಾತ್ರ ಸಣ್ಣ ಚುಕ್ಕೆ ಇರುತ್ತದೆ. ನನಗೆಲ್ಲಿ ಗೊತ್ತು!

ಆಮೇಲೆ ಬರೀ ಪಿಂಕ್. ಹಾಕಿದರೆ ಪಿಂಕ್, ಎಳೆದರೆ ಪಿಂಕ್. ಹೊಳೆಗೆ ಬಂದು ದಿನವಾದ ಮೀನು, ಮಾಂಸ ಮೆತ್ತಗೆ. ಎರಡು ದಿನಕ್ಕೆ ಸಿಲ್ವರ್ ಸಿಕ್ಕಿದ್ದು ಒಂದೇ ಒಂದು, ಅದೂ ಭಾವನಿಗೆ.

ಕಿಂಗ್ ಎಲ್ಲಿ ಅಂತ ಗೈಡನ್ನು ಕೇಳಿದೆ. "ಫೋಟೋ ಕಳಿಸಿದೆ, ಸಿಗುತ್ತೆ ಅಂತ ಹೇಳಲಿಲ್ವಲ್ಲ" ಎಂದ. ಕೀನೈನಲ್ಲಿ ಕಿಂಗ್ ಹಿಡಿಯುವ ಅವಧಿ ಜುಲೈ 31ಕ್ಕೇ ಮುಗಿಯುತ್ತದಂತೆ. ಅದಿರಲಿ, ಮೀನು ಕಡಿಮೆ ಅಂತ 2024ರಲ್ಲಿ ಇಡೀ ಸೀಸನ್ ಕಿಂಗ್ ಹಿಡಿಯುವುದನ್ನು ಮೀನುಗಾರಿಕೆ ಇಲಾಖೆಯೇ ಮುಚ್ಚಿತ್ತು! ಆ ಫೋಟೋ ಯಾವ ಕಾಲದ್ದೋ.

ಊರಿಗೆ ಬಂದು ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಮೆಸೇಜ್ ಮಾಡಿದೆ. ಮೊದಲ ಉತ್ತರ: "ನೀವು ಸಾಲ್ಮನ್ ಕೇಳಿದಿರಿ, ಪಿಂಕ್ ಕೂಡ ಸಾಲ್ಮನ್ನೇ." ಹೌದಪ್ಪಾ, ಹೌದು. ಎರಡನೆಯದನ್ನು ನೋಡಿ ಮೈಯೆಲ್ಲ ಉರಿಯಿತು: "ಮುಂದಿನ ವರ್ಷ ಬನ್ನಿ, ಆಗ ಪಿಂಕ್ ಕಾಟ ಇರಲ್ಲ."

ಅಂದರೆ ಅವನಿಗೆ ಗೊತ್ತಿತ್ತು! ಪಿಂಕ್ ಬದುಕೋದು ಸರಿಯಾಗಿ ಎರಡೇ ವರ್ಷ, ಮೊಟ್ಟೆಯಿಟ್ಟು ಸಾಯುತ್ತದೆ. ಅದಕ್ಕೇ ಕೀನೈಗೆ ಸಮ ವರ್ಷಗಳಲ್ಲಿ ಮಾತ್ರ ದಂಡುಗಟ್ಟಿ ಬರುತ್ತದೆ. 2022, 2024, ಹೀಗೆ. ಅಲ್ಲಿ ದೋಣಿ ಓಡಿಸುವವರಿಗೆಲ್ಲ ಇದು ಬಾಯಿಪಾಠ. ದುಡ್ಡು ತೆಗೆದುಕೊಳ್ಳುವಾಗ ಮಾತ್ರ ಮರೆತುಹೋಗಿತ್ತು, ಅಲ್ವಾ?

ಸುಮ್ನೆ "ಸಾಲ್ಮನ್ ಇದೆಯಾ" ಅಂತ ಕೇಳಬೇಡಿ. ಸಾಕೈ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಬೇಕಿದ್ದರೆ ಜುಲೈ ಕೊನೆಯ ಅರ್ಧ, ಸಿಲ್ವರ್ ಬೇಕಿದ್ದರೆ ಬೆಸ ವರ್ಷದ ಆಗಸ್ಟ್, ಇಲ್ಲವೇ ಸೆಪ್ಟೆಂಬರ್. ಅಲಾಸ್ಕಾದ ಮೀನುಗಾರಿಕೆ ಇಲಾಖೆ ಹೊಳೆಗೆ ಎಷ್ಟು ಸಾಕೈ ಹತ್ತಿದವು ಅನ್ನುವ ಲೆಕ್ಕವನ್ನು ಜುಲೈನಿಂದ ದಿನಾ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಯಾವುದು ಮುಚ್ಚಿದೆ ಅನ್ನುವುದೂ ಅಲ್ಲೇ ಇರುತ್ತದೆ. ಗೈಡ್ ಮಾತಿಗಿಂತ ಅದನ್ನು ನಂಬಿ. ಯಾವ ಮೀನು, ಯಾವ ತಿಂಗಳು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಮೂರನೇ ಮೆಸೇಜ್‌ಗೆ ಉತ್ತರವೇ ಬಂದಿಲ್ಲ. ಗ್ರೂಪಿನಲ್ಲಿ ಆ ಫೋಟೋ ಇನ್ನೂ ಇದೆ. ಭಾವ ಈಗ ನನ್ನನ್ನು ಹಂಪಿ ಅಂತಲೇ ಕರೆಯುತ್ತಾನೆ.