ಹಳೇ ಬೋಟ್ ಇಂಜಿನ್ ಆಯಿಲ್ ಲೀಕ್ ಹುಡುಕೋಕೆ ಪೌಡರ್ ಸಾಕಾ, ಯುವಿ ಡೈ ಬೇಕಾ?

ಯಾವ್ದೇ ಮಾಡಿ, ಮೊದ್ಲು ದಕ್ಕೇಲಿ ಕಟ್ಟಿರುವಾಗ್ಲೇ ಇಂಜಿನ್ ತೊಳ್ದು ಪೂರ್ತಿ ಒಣಗಿಸ್ಕೊಳ್ಳಿ. ಟಾಲ್ಕಂ ಪೌಡರ್ ಉದುರ್ಸಿ 10 ನಿಮಿಷ ಓಡ್ಸಿದ್ರೆ ವಾಲ್ವ್ ಕವರ್, ಫಿಲ್ಟರ್ ಬುಡದಂಥ ಕೈಗೆ ಸಿಗೋ ಜಾಗದಲ್ಲಿ ಕಪ್ಪು ಗೆರೆ ಎದ್ದು ಕಾಣತ್ತೆ, ಖರ್ಚು ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೆ ಒದ್ದೆ ಇದ್ದಲ್ಲಿ ಮುದ್ದೆ ಆಗ್ಬಿಡತ್ತೆ, ಏರ್ ಫಿಲ್ಟರ್ ಕಡೆ ಹೋಗ್ದಂಗೆ ಬೇರೆ ನೋಡ್ಕೋಬೇಕು. ಯುವಿ ಡೈ ಅಂದ್ರೆ ಯುವಿ ಬೆಳಕಿಗೆ ಹೊಳಿಯೋ ಬಣ್ಣ, ಅದಕ್ಕೆ ದುಡ್ಡು ಬೇಕು, ಆದ್ರೂ ನಿಧಾನಕ್ಕೆ ಜಿನುಗೋ ಲೀಕಿಗೆ ನಾನು ಅದನ್ನೇ ಹೇಳ್ತೀನಿ: ಆಯಿಲಿಗೆ ಬೆರ್ಸಿ, ಒಂದು ಟ್ರಿಪ್ ಹೋಗ್ಬಂದು, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ರೆ ಹಳದಿ ಹಸಿರಾಗಿ ಹೊಳಿಯತ್ತೆ. ಹೊಳಿಯೋದ್ರಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಹಿಡೀರಿ, ಅಲ್ಲಿಂದ್ಲೇ ಕೆಳಗೆ ಇಳ್ದಿರತ್ತೆ. ಫ್ಲೈವೀಲ್ ಹೌಸಿಂಗಿಂದ (ಇಂಜಿನ್, ಗೇರ್‌ಬಾಕ್ಸ್ ನಡುವಿನ ಕವಚ) ತೊಟ್ಟಿಕ್ತಿದ್ರೆ, ಸೀಲ್ ಹೋಗಿದೆ ಅಂತ ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪ್ ನೋಡಿ, ಅದು ಕಟ್ಕೊಂಡಿದ್ರೆ ಒಳಗಿನ ಪ್ರೆಶರಿಗೆ ಚೆನ್ನಾಗಿರೋ ಸೀಲೂ ಆಯಿಲ್ ಬಿಡತ್ತೆ.